ಉಪ್ಪುಮೂಟೆ: ಒಂದು ಶಿಶುಕ್ರೀಡೆಯ ಹೆಸರಿನ ಹಿನ್ನೆಲೆ

ಪುಣೆಯಿಂದ ಸಾತಾರೆಗೆ ಹೋಗುವ ರಸ್ತೆಯು ಕಾತ್ರಜ ಘಟ್ಟವನ್ನು ಏರುವುದಕ್ಕೆ ಮುಂಚೆ ಅದರ ಪಕ್ಕದಲ್ಲಿ ಸಿಗುವ ಧನಕವಡಿಯು ಹಿಂದೆ ಒಂದು ಹಳ್ಳಿ. ಶಂಕರ ಮಹಾರಾಜರ ಸಮಾಧಿಯಿಂದ ಆ ಹೆಸರು ಭಕ್ತರಿಗೆ ಪರಿಚಿತವಾಯಿತು. ೧೯೬೪ರಲ್ಲಿ ಸ್ಥಾಪಿತವಾದ ಭಾರತೀ ವಿದ್ಯಾಪೀಠವು ಆ ಭಾಗದಲ್ಲಿ ಬೆಳೆದ ಮೇಲೆ ವಿದ್ಯಾರ್ಥಿಗಳಿಗೂ ಪರಿಚಿತವಾಯಿತು. ಈಗ ಅದು ನಗರದೊಳಗೇ ಸೇರಿಹೋದ ದಟ್ಟವಾದ ವಸತಿ. ಬೆಳಗಾವಿ, ವಿಜಯಪುರ, ಕಲಬುರಗಿಗಳ ಕಡೆಯಿಂದಲೂ ಬೆಂಗಳೂರು, ಮೈಸೂರುಗಳ ಕಡೆಯಿಂದಲೂ ಉದ್ಯೋಗನಿಮಿತ್ತವಾಗಿ ಪುಣೆಗೆ ಬಂದ ಕನ್ನಡ ಕುಟುಂಬಗಳು ಇಂತಹ ವಸತಿಗಳಲ್ಲಿ ಮರಾಠಿ ನೆರೆಹೊರೆಯವರೊಡನೆ ಬಾಳುತ್ತಿವೆ. ಎರಡು ಭಾಷೆಗಳು ಒಂದೇ ಅಂಗಳದಲ್ಲಿ ಕೂಡಿದಲ್ಲಿ, ತನ್ನ ಭಾಷೆಯಲ್ಲಿ ಅತಿ ಸಹಜವೆಂದು ತೋರುತ್ತಿದ್ದ ಮಾತು ಇದ್ದಕ್ಕಿದ್ದಂತೆ ವಿಚಿತ್ರವಾಗಿ ಕೇಳಿಸುವುದುಂಟು. ಮಗುವನ್ನು ಬೆನ್ನಿನ ಮೇಲೆ ಹೊತ್ತು ಆಡಿಸುವ ಕ್ರೀಡೆಯ ಹೆಸರು ಅಂತಹ ಒಂದು ಮಾತು. ಮರಾಠಿ ಮನೆಯಲ್ಲಿ ಅದು 'ಪಾಠುಂಗಳಿ' ಅಥವಾ 'ಪಾಠಕುಳಿ'. 'ಪಾಠ' ಎಂದರೆ ಬೆನ್ನು. ಹೊರುವ ಅಂಗದಿಂದಲೇ ಹೊರುವ ರೀತಿಗೆ ಹೆಸರು ಬಂದಿದೆ, ಅದರಲ್ಲಿ ಬಿಡಿಸಬೇಕಾದ ಒಗಟೇನೂ ಇಲ್ಲ. ದಕ್ಷಿಣ ಕರ್ನಾಟಕದಿಂದ ಬಂದ ಕನ್ನಡ ಮನೆಯಲ್ಲಾದರೋ ಅದು 'ಉಪ್ಪುಮೂಟೆ'. ಬೆನ್ನಿನ ಮಾತೂ ಇಲ್ಲ, ಕೂಸಿನ ಮಾತೂ ಇಲ್ಲ. ಮುದ್ದಿನ ಮಗುವನ್ನು ಹೊತ್ತ ಅಜ್ಜನು ಅದನ್ನು ಬೆಲ್ಲದ ಮೂಟೆಯೆನ್ನದೆ, ಅಕ್ಕಿಯ ಮೂಟೆಯೆನ್ನದೆ, ಉಪ್ಪಿನ ಮೂಟೆಯೆಂದು ಏಕೆ ಕರೆಯುತ್ತಾನೆ?

ಇದಕ್ಕೆ ಉತ್ತರವನ್ನು ಹುಡುಕುವ ಮುನ್ನ ಆಟದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ದೊಡ್ಡವರು ಬೆನ್ನು ಬಗ್ಗಿಸುತ್ತಾರೆ. ಮಗು ಹಿಂದಿನಿಂದ ಕೊರಳನ್ನು ತಬ್ಬಿ, ಎರಡು ಕಾಲುಗಳನ್ನೂ ಸೊಂಟದ ಇಕ್ಕೆಲಗಳಿಗೆ ಚಾಚಿ ಜೋತುಬೀಳುತ್ತದೆ. ಹೊತ್ತವರು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿತ್ತಿಲಿಗೆ ಅಡ್ಡಾಡುತ್ತ 'ಉಪ್ಪು ಬೇಕೇ, ಉಪ್ಪು' ಎಂದು ಕೂಗುತ್ತಾರೆ. ಮನೆಯವರು ಕೊಳ್ಳುವವರಾಗುತ್ತಾರೆ. ಒಬ್ಬರು ಬೆಲೆ ಕೇಳುತ್ತಾರೆ. ಮತ್ತೊಬ್ಬರು ಮಗುವಿನ ಕೆನ್ನೆಯನ್ನೋ ಅಂಗಾಲನ್ನೋ ಚಿವುಟಿ, ಬೆರಳನ್ನು ನಾಲಗೆಗೆ ತಾಗಿಸಿ, ಉಪ್ಪು ಸಪ್ಪೆಯೆಂದು ಮೂಗು ಮುರಿಯುತ್ತಾರೆ. ಕೊನೆಗೆ ತಾಯಿ ಬಂದು ಮೂಟೆಯನ್ನು ಇಳಿಸಿಕೊಳ್ಳುತ್ತಾಳೆ. ಮಗು ಕೇಕೆ ಹಾಕುವುದು ಸವಾರಿಗಾಗಿ ಎಷ್ಟೋ ಅಷ್ಟೇ ಈ ವ್ಯಾಪಾರಕ್ಕಾಗಿ. ಅದಕ್ಕಿಂತ ಹೆಚ್ಚಾಗಿ, ಯಾರೂ ಕೊಳ್ಳದೆ ಉಳಿದೇನೋ ಎಂಬ ಕ್ಷಣಿಕವಾದ ಅಳುಕಿಗಾಗಿ. ಬರಿಯ ಸವಾರಿಯಾಗಿದ್ದರೆ ಕುದುರೆಯಾಟ, ಆನೆಯಾಟ ಎಂಬ ಹೆಸರುಗಳು ಸಾಕಾಗುತ್ತಿದ್ದವು. ಅವೆರಡರಲ್ಲಿ ಮಗು ಸವಾರ, ಒಡೆಯ. ಉಪ್ಪುಮೂಟೆಯಲ್ಲಿ ಮಗು ಸರಕು. ಈ ವ್ಯತ್ಯಾಸವನ್ನು ಮರೆಯಬಾರದು.

ಶಬ್ದದ ಎರಡು ಅಂಗಗಳೂ ಅಚ್ಚ ದ್ರಾವಿಡ. 'ಉಪ್ಪು' ತಮಿಳು, ತೆಲುಗು, ಮಲೆಯಾಳ, ತುಳುಗಳಲ್ಲಿಯೂ ಉಪ್ಪೇ. 'ಮೂಟೆ'ಗೆ ತಮಿಳಿನಲ್ಲಿ 'ಮೂಟ್ಟೈ', ತೆಲುಗಿನಲ್ಲಿ 'ಮೂಟ' ಎಂಬ ರೂಪಗಳಿವೆ. ಅಷ್ಟೇ ಅಲ್ಲ, ತಮಿಳರೂ ತೆಲುಗರೂ ಮಗುವನ್ನು ಬೆನ್ನಿಗೇರಿಸಿಕೊಳ್ಳುವುದನ್ನು ಉಪ್ಪಿನ ಮೂಟೆಯೆಂದೇ ಕರೆಯುತ್ತಾರೆ. ಆದುದರಿಂದ ಇದು ಯಾವುದೋ ಒಂದು ಊರಿನ ತಮಾಷೆಯಿಂದ ಹುಟ್ಟಿದ ಹೆಸರಲ್ಲ. ಹೆಸರಿನ ಹಿಂದಿರುವ ಅನುಭವವೂ ಒಂದು ಊರಿನದಲ್ಲ. ಕನ್ನಡದಲ್ಲಿ ಇದಕ್ಕೆ ಪ್ರತಿಸ್ಪರ್ಧಿಯಾಗಿ 'ಕೂಸುಮರಿ' ಎಂಬ ಚೆಲುವಾದ ಮಾತೊಂದಿದೆ. ಅದು ಹೊರಲ್ಪಡುವ ಕೂಸನ್ನೇ ಹೆಸರಿಸುತ್ತದೆ. ಹಲವೆಡೆ ಅದೇ ರೂಢಿ. ಪ್ರಯೋಗದಲ್ಲಿ 'ಉಪ್ಪುಮೂಟೆ ಹೊರು', 'ಉಪ್ಪುಮೂಟೆ ಮಾಡು', 'ಉಪ್ಪುಮೂಟೆ ಆಡು' ಎಂಬ ಮೂರು ಬಗೆಗಳುಂಟು. ಮಾತು ಬಾರದ ಮಗು ತೋಳು ಚಾಚಿ ಬೆನ್ನಿಗೆ ಹತ್ತುವುದಾದರೆ, ಮಾತು ಬಂದ ಮಗು ಕ್ರಿಯಾಪದದ ಹಂಗಿಲ್ಲದೆ 'ಉಪ್ಪುಮೂಟೆ!' ಎಂದು ಆಜ್ಞೆ ಮಾಡುತ್ತದೆ. ಸೊಂಟದ ಮೇಲೆ ಎತ್ತಿಕೊಂಡರೆ ಅದು ಉಪ್ಪುಮೂಟೆಯಲ್ಲ. ಹೆಗಲ ಮೇಲೆ ಕೂರಿಸಿಕೊಂಡರೂ ಅಲ್ಲ. ಬೆನ್ನೇ ಆಗಬೇಕು, ಅದೂ ಬಗ್ಗಿದ ಬೆನ್ನು. ಕಾಲುಳುಕಿದವರನ್ನೋ ನೆರೆನೀರಿನಲ್ಲಿ ಸಿಕ್ಕಿದ ಮುದುಕರನ್ನೋ ಬೆನ್ನಮೇಲೆ ಸಾಗಿಸಿದಾಗ ದೊಡ್ಡವರ ವಿಷಯದಲ್ಲಿಯೂ ಈ ಮಾತು ಬಳಕೆಯಾಗುತ್ತದೆ. ಆಗ ಅದರಲ್ಲಿ ನಗೆಯ ಎಳೆ ಇರುವುದಿಲ್ಲ.

ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಆಡುಮಾತನ್ನು ಕುರಿತು ಮಾಡಿದ ಕೆಲಸವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಖೆ ೧೯೫೮ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಅದೇ ಸಂಸ್ಥೆಗೆ ಸೇರಿದ್ದ ಅಶೋಕ ಕೇಳಕರರು ೧೯೬೪ರಲ್ಲಿ ಮರಾಠಿಯ ಶಿಶುಭಾಷೆಯನ್ನು ಕುರಿತು ಬರೆದರು. ಅದೇ ವರ್ಷ ಚಾರ್ಲ್ಸ್ ಫರ್ಗುಸನ್ ಅವರು ಆರು ಭಾಷೆಗಳ ಶಿಶುಭಾಷೆಯನ್ನು ಹೋಲಿಸಿದ ಪ್ರಬಂಧದಲ್ಲಿ ಮರಾಠಿಯೂ ಒಂದಾಗಿತ್ತು. ಶಿಶುಭಾಷೆಯ ಪದಗಳಿಗೆ ಒಂದು ಸಾಮಾನ್ಯ ಲಕ್ಷಣವಿದೆ. ಅವು ಚಿಕ್ಕವು, ಅವುಗಳಲ್ಲಿ ಒತ್ತಕ್ಷರ ಹೆಚ್ಚು, ಒಂದೇ ಧ್ವನಿ ಮರುಕಳಿಸುವುದೂ ಹೆಚ್ಚು. ಕನ್ನಡದ ಬುವ್ವ, ಮಮ್ಮು, ಜೋಜೋ, ಗುಮ್ಮ ಇವೆಲ್ಲ ಆ ಜಾತಿಗೆ ಸೇರಿದವು. ದೊಡ್ಡವರು ತಮ್ಮೊಳಗೆ ಮಾತನಾಡುವಾಗ ಅನ್ನವನ್ನು ಬುವ್ವ ಎನ್ನುವುದಿಲ್ಲ. 'ಉಪ್ಪುಮೂಟೆ' ಆ ಜಾತಿಯದಲ್ಲ. ಅದು ಮಗುವಿನ ನಾಲಗೆಗಾಗಿ ಮೆದುಮಾಡಿದ ಪದವಲ್ಲ. ಸಂತೆಯಲ್ಲಿ, ಸುಂಕದ ಕಟ್ಟೆಯಲ್ಲಿ ಸಲ್ಲುವ ದೊಡ್ಡವರ ಸಮಾಸಪದವೊಂದು ಇದ್ದಂತೆಯೇ ತೊಟ್ಟಿಲ ಬಳಿಗೆ ಬಂದಿದೆ. ಹೀಗೆ ಬರಬೇಕಾದರೆ ಬೀದಿಯಲ್ಲಿ ಅದರ ಮೂಲವಸ್ತು ದಿನವೂ ಕಣ್ಣಿಗೆ ಬೀಳುತ್ತಿದ್ದಿರಬೇಕು.

ಹಿಂದಿನ ಒಳನಾಡಿನ ಒಕ್ಕಲಿನ ಮನೆಗೆ ಬೇಕಾದುದರಲ್ಲಿ ಬಹುಪಾಲು ಊರಿನ ಸುತ್ತಿನಲ್ಲಿಯೇ ದೊರೆಯುತ್ತಿತ್ತು. ಕಾಳು, ಬೆಲ್ಲ, ಎಣ್ಣೆ, ಮಡಕೆ, ಬುಟ್ಟಿ, ಬಟ್ಟೆ, ಯಾವುದಕ್ಕೂ ದೂರ ಹೋಗಬೇಕಾಗಿರಲಿಲ್ಲ. ಉಪ್ಪು ಮಾತ್ರ ಹಾಗಲ್ಲ. ಚೌಳು ಮಣ್ಣನ್ನು ತೊಳೆದು, ಆ ನೀರನ್ನು ಇಂಗಿಸಿ ಉಪ್ಪಾರರು ತೆಗೆಯುತ್ತಿದ್ದ ಮಣ್ಣುಪ್ಪು ಕೆಲವೆಡೆ ಬಳಕೆಯಲ್ಲಿತ್ತು. ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಒಳನಾಡಿನ ಉಪ್ಪನ್ನೂ ಕರಾವಳಿಯಿಂದ ಘಟ್ಟ ಹತ್ತಿ ಬರುತ್ತಿದ್ದ ಉಪ್ಪನ್ನೂ ಗಮನಿಸಿದ್ದಾನೆ. ಕಡಲ ಉಪ್ಪೇ ಮೇಲೆಂಬುದು ಎಲ್ಲರ ಅಭಿಪ್ರಾಯ. ಅದು ಗೋಕರ್ಣದ ಬಳಿಯ ಸಾಣಿಕಟ್ಟೆಯಿಂದ, ಗೋವೆಯಿಂದ, ಕೊಂಕಣದಿಂದ, ಪೂರ್ವದ ಕಡೆ ಚೋಳಮಂಡಲದ ತೀರದಿಂದ ಎತ್ತಿನ ಬೆನ್ನ ಮೇಲೆ ಬರಬೇಕಾಗಿತ್ತು. ಉಪ್ಪಿನ ಗದ್ದೆಗೆ ಕನ್ನಡದಲ್ಲಿ 'ಆಗರ' ಎಂದು ಹೆಸರು. ಮರಾಠಿಯ 'ಮಿಠಾಗರ'ದಲ್ಲಿಯೂ ಅದೇ ಮಾತಿದೆ. ಇಂದು ಕನ್ನಡದ ವಕ್ತಾರರು ಯಾರನ್ನಾದರೂ ಜ್ಞಾನದ ಆಗರವೆಂದು ಹೊಗಳುವಾಗ ಅದರ ಉಪ್ಪಿನ ನಂಟನ್ನು ನೆನೆಯುವುದು ಅಪರೂಪ. ಅಂತೂ ಒಳನಾಡಿನ ಗೃಹಿಣಿಗೆ ಉಪ್ಪೆಂದರೆ ಹೊರಗಿನವನು ಹೊತ್ತು ತರುವ, ಬಾಗಿಲಲ್ಲಿ ಕೂಗಿ ಮಾರುವ ಪದಾರ್ಥ. ಆಟದಲ್ಲಿ ಅಕ್ಕಿಯಾಗಲಿ ಬೆಲ್ಲವಾಗಲಿ ಬಾರದೆ ಉಪ್ಪೇ ಬಂದಿರುವುದಕ್ಕೆ ಕಾರಣ ಇಲ್ಲಿದೆ.

ಹೊತ್ತು ತರುತ್ತಿದ್ದವರು ಯಾರು? ಸಾಮಾನ್ಯವಾಗಿ ಮೊದಲು ನೆನಪಾಗುವವರು ಲಂಬಾಣಿಗಳು ಅಥವಾ ಲಮಾಣಿಗಳು. ಅವರ ಹೆಸರನ್ನೇ 'ಲವಣ' ಶಬ್ದದಿಂದ ಸಾಧಿಸುವವರುಂಟು. ೧೬೭೬ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರೆಂಚ್ ವರ್ತಕ ಟಾವರ್ನಿಯೆಯು ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡುದಾಗಿ ಬರೆದಿದ್ದಾನೆ. ಈ ಜನರಲ್ಲಿ ನಾಲ್ಕು ಪಂಗಡಗಳೆಂದೂ, ಒಂದು ಧಾನ್ಯವನ್ನು, ಒಂದು ಅಕ್ಕಿಯನ್ನು, ಒಂದು ಬೇಳೆಯನ್ನು, ಮತ್ತೊಂದು ಉಪ್ಪನ್ನು ಮಾತ್ರ ಸಾಗಿಸುವುದೆಂದೂ ಅವನು ಹೇಳುತ್ತಾನೆ. ಮೊಗಲರ ದಂಡಿಗೂ, ಪೇಶ್ವೆಯರ ದಂಡಿಗೂ, ೧೮೦೩ರಲ್ಲಿ ಆರ್ಥರ್ ವೆಲ್ಲೆಸ್ಲಿಯ ದಂಡಿಗೂ ಆಹಾರ ಒದಗಿಸಿದವರು ಇವರೇ. ಆದರೆ ಆಟದ ಉಪ್ಪು ಇವರದೆಂದು ಹೇಳಲು ಒಂದು ತೊಡಕಿದೆ. ಸಾವಿರಾರು ಎತ್ತುಗಳ ತಾಂಡೆಯು ಪೇಟೆಗೂ ಪಾಳೆಯಕ್ಕೂ ಸರಕು ಇಳಿಸುವುದೇ ಹೊರತು ಮನೆಮನೆಯ ಬಾಗಿಲಲ್ಲಿ ನಿಂತು ಸೇರಿನ ಲೆಕ್ಕದಲ್ಲಿ ಮಾರುವುದಿಲ್ಲ. ಮೇಲಾಗಿ, ಲಮಾಣಿಗಳ ವ್ಯಾಪಾರವು ಮಹಾರಾಷ್ಟ್ರದಲ್ಲಿ ಕರ್ನಾಟಕಕ್ಕಿಂತ ಕಡಮೆಯೇನೂ ಇರಲಿಲ್ಲ. ಹೆಸರು ಅವರಿಂದ ಬಂದಿದ್ದರೆ ಅದು ಮರಾಠಿಯಲ್ಲಿಯೂ ಇರಬೇಕಾಗಿತ್ತು. ಮರಾಠಿಯವರು ಬೆನ್ನಿನ ಹೆಸರಿನಲ್ಲಿಯೇ ತೃಪ್ತರಾಗಿದ್ದಾರೆ.

ಬಾಗಿಲ ಬಳಿಗೆ ಉಪ್ಪು ತರುತ್ತಿದ್ದವರು ಬೇರೆ. ಅವರು ಕನ್ನಡನಾಡಿನಲ್ಲಿ ಕೊರವರು ಅಥವಾ ಕೊರಚರು, ತೆಲುಗು ನಾಡಿನಲ್ಲಿ ಎರುಕಲರು. ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥಮಾಲೆಯಲ್ಲಿ ಕೊರವರ ಒಳಪಂಗಡಗಳನ್ನು ಅವರವರ ವ್ಯಾಪಾರದಿಂದ ಹೆಸರಿಸಲಾಗಿದ್ದು, 'ಉಪ್ಪು ಕೊರವ' ಎಂಬುದು ಅವುಗಳಲ್ಲಿ ಒಂದು. ಕೆಲವೇ ಎತ್ತುಗಳನ್ನೋ ಕತ್ತೆಗಳನ್ನೋ ಕಟ್ಟಿಕೊಂಡು, ಹೆಂಡತಿ ಮಕ್ಕಳೊಡನೆ ಕರಾವಳಿಗೆ ಇಳಿದು, ಉಪ್ಪು ಹೇರಿಕೊಂಡು ಮೇಲೆ ಬಂದು, ಊರೂರು ತಿರುಗಿ ಅದನ್ನು ಕಾಳಿಗೆ ಬದಲಾಯಿಸಿಕೊಳ್ಳುವುದು ಅವರ ಕಸುಬು. ತಮಿಳಿನ ಸಂಘಕಾಲದ ಪದ್ಯಗಳಲ್ಲಿ ಬರುವ 'ಉಮಣರ್' ಎಂಬ ಉಪ್ಪಿನ ವ್ಯಾಪಾರಿಗಳೂ ಹೀಗೆಯೇ ಕುಟುಂಬಸಮೇತರಾಗಿ ಗಾಡಿ ಹೂಡಿಕೊಂಡು ತಿರುಗುತ್ತಿದ್ದವರು. ಅವರ ಹೆಂಗಸರು ಉಪ್ಪಿಗೆ ಬತ್ತವನ್ನು ಬದಲಾಗಿ ಪಡೆಯುತ್ತಿದ್ದರು. ಎರಡು ಸಾವಿರ ವರ್ಷಗಳಷ್ಟು ಹಳೆಯ ಬೀದಿಕೂಗು ಇದು. ಮನೆಯ ಅಜ್ಜನು ಬೆನ್ನು ಬಗ್ಗಿಸಿದಾಗ ಎತ್ತೂ ಆಗುತ್ತಾನೆ, ಬಾಯಿಬಿಟ್ಟು ಕೂಗಿದಾಗ ಮಾರುವವನೂ ಆಗುತ್ತಾನೆ. ಕೊರವನೂ ಅವನ ಎತ್ತೂ ಒಂದೇ ದೇಹದಲ್ಲಿ ಸೇರಿರುವ ಈ ಅಭಿನಯವು ತಾಂಡೆಯ ಚಿತ್ರಕ್ಕಿಂತ ಕೊರವನ ಚಿತ್ರಕ್ಕೆ ಹೆಚ್ಚು ಹೊಂದುತ್ತದೆ. ಆಟದ ಹೆಸರು ಕನ್ನಡ, ತಮಿಳು, ತೆಲುಗು ಈ ಮೂರು ನಾಡುಗಳಲ್ಲಿ ಹರಡಿರುವುದೂ ಆ ಜನರ ಸಂಚಾರದ ಎಲ್ಲೆಗೆ ಹೊಂದುತ್ತದೆ.

ಇದಕ್ಕೆ ಬೇರೊಂದು ವಿವರಣೆಯನ್ನೂ ಊಹಿಸಬಹುದು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಹೊಸ ಕೂಸಿನ ಮೇಲೆ ವಿಧಿಯ ಕಣ್ಣು ಬೀಳದಿರಲೆಂದು ಅದನ್ನು ಅಲ್ಪ ಬೆಲೆಗೆ ಮಾರಿದಂತೆ ನಟಿಸುವ ಆಚಾರ ಭಾರತದ ಹಲವೆಡೆ ಇತ್ತು. ಬಂಗಾಳದ 'ತೀನ್‌ಕೌಡಿ', 'ಪಾಂಚ್‌ಕೌಡಿ' ಎಂಬ ಹೆಸರುಗಳು ಮೂರು ಕವಡೆಗೆ, ಐದು ಕವಡೆಗೆ ಮಾರಿದ ಮಕ್ಕಳವು. ಕನ್ನಡದ ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳನ್ನು ಇಡುವುದರ ಹಿಂದೆಯೂ ಇದೇ ಭಯವಿದೆ. ಉಪ್ಪಾದರೋ ದೃಷ್ಟಿ ನಿವಾಳಿಸುವ ಪದಾರ್ಥ. ಇವೆರಡನ್ನೂ ಕೂಡಿಸಿದರೆ ಉಪ್ಪುಮೂಟೆಯ ಆಟವು ಆ ಆಚಾರದ ಅವಶೇಷವೆಂಬ ವಾದ ಸುಲಭವಾಗಿ ಸಿದ್ಧವಾಗುತ್ತದೆ. ವಾದ ಆಕರ್ಷಕವೇ. ಆದರೆ ಆಚಾರದಲ್ಲಿ ಕೊಳ್ಳುವವರು ಅನ್ಯರಾಗಿರಬೇಕು, ಆಟದಲ್ಲಿ ಕೊಳ್ಳುವವಳು ತಾಯಿ. ಆಚಾರವು ಒಮ್ಮೆ ನಡೆದು ಮುಗಿಯುವುದು, ಆಟ ದಿನಕ್ಕೆ ಹತ್ತು ಸಲ. ಅಲ್ಲದೆ ಬೀದಿಯ ಕೂಗು ಆಚಾರದಲ್ಲಿ ಇಲ್ಲವೇ ಇಲ್ಲ. ಸಂಸ್ಕಾರಗಳಿಂದಲೇ ಎಲ್ಲ ಆಟಗಳನ್ನೂ ಹುಟ್ಟಿಸುವ ವಿದ್ವಾಂಸರ ಅಭ್ಯಾಸಕ್ಕೆ ಇಲ್ಲಿ ಎಡೆಗೊಡಬೇಕಾಗಿಲ್ಲ. 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂಬ ಗಾದೆಯಲ್ಲಿ ಉಪ್ಪೂ ತಾಯಿಯೂ ಜೊತೆಗೂಡಿರುವುದನ್ನು ಮಾತ್ರ ಇಲ್ಲಿ ನೆನೆಯಬಹುದು. ಆಟ ಕೊನೆಗೊಳ್ಳುವುದು ಆ ಜೋಡಿಯಲ್ಲಿಯೇ.

ಈ ವ್ಯಾಪಾರ ಹೇಗೆ ಅಳಿಯಿತೆಂಬುದು ಇತಿಹಾಸದ ಒಂದು ನೋವಿನ ಪ್ರಕರಣ. ೧೮೬೩ರಲ್ಲಿ ಬೋರ್ ಘಟ್ಟದ ರೈಲುಹಾದಿ ತೆರೆದು ಮುಂಬಯಿ-ಪುಣೆಗಳು ಅಡೆತಡೆಯಿಲ್ಲದೆ ಕೂಡಿದುವು. ಮರುವರ್ಷ ಬೆಂಗಳೂರಿಗೆ ರೈಲು ಬಂದಿತು. ಎತ್ತಿನ ಬೆನ್ನಿನ ಬಹುದಿನಗಳ ದಾರಿಯನ್ನು ರೈಲು ಒಂದೆರಡು ದಿನಗಳಲ್ಲಿ ಮುಗಿಸತೊಡಗಿತು. ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಜನರೊಡನೆ ದನಗಳೂ ಸತ್ತುವು. ಎತ್ತು ಹೋದ ಮೇಲೆ ಹೇರು ವ್ಯಾಪಾರಿಗೆ ಉಳಿಯುವುದೇನು? ಇದರ ಮೇಲೆ ಸರಕಾರದ ಉಪ್ಪಿನ ನೀತಿ. ೧೮೭೮ರ ಒಪ್ಪಂದದಿಂದ ಗೋವೆಯ ಉಪ್ಪಿನ ತಯಾರಿಕೆಯೂ ಬ್ರಿಟಿಷರ ಹತೋಟಿಗೆ ಬಂದು, ೧೮೮೦ರಿಂದ ೧೮೯೨ರವರೆಗೆ ಹಾಗೆಯೇ ಇದ್ದಿತು. ೧೮೮೨ರಲ್ಲಿ ಭಾರತೀಯ ಉಪ್ಪಿನ ಕಾಯಿದೆ ಜಾರಿಗೆ ಬಂದಾಗ ಮಣಕ್ಕೆ ಎರಡು ರೂಪಾಯಿಗಳಿದ್ದ ತೆರಿಗೆ ೧೮೮೮ರಲ್ಲಿ ಎರಡೂವರೆ ರೂಪಾಯಿಗಳಿಗೆ ಏರಿತು. ಆಗರದ ಬಾಗಿಲಿನಲ್ಲಿ ನಗದು ಸುಂಕ ಕಟ್ಟಿದ ಹೊರತು ಉಪ್ಪು ಎತ್ತುವಂತಿರಲಿಲ್ಲ. ಕಾಳಿಗೆ ಉಪ್ಪು, ಉಪ್ಪಿಗೆ ಕಾಳು ಎಂಬ ಲೆಕ್ಕದಲ್ಲಿ ಬದುಕಿದ ಕೊರವನ ಕೈಯಲ್ಲಿ ನಗದು ಎಲ್ಲಿಯದು?

ಉದ್ಯೋಗ ತಪ್ಪಿದ ಈ ಅಲೆಮಾರಿಗಳ ಅಲೆತವೇ ಅನಂತರ ಅಪರಾಧವೆನಿಸಿತು. ಮೊದಲು ಉತ್ತರ ಭಾರತಕ್ಕೆಂದು ೧೮೭೧ರಲ್ಲಿ ಹೊರಟ 'ಅಪರಾಧಿ ಬುಡಕಟ್ಟು'ಗಳ ಕಾಯಿದೆಯು ೧೯೧೧ರ ತಿದ್ದಿದ ರೂಪದಲ್ಲಿ ಮದರಾಸು ಪ್ರಾಂತಕ್ಕೂ ವ್ಯಾಪಿಸಿತು. ಕೊರವರು ಅದರ ಪಟ್ಟಿಗೆ ಸೇರಿದರು. ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದುವು. ಸೊಲ್ಲಾಪುರದಲ್ಲಿ ಇರಿಸಲ್ಪಟ್ಟವರಲ್ಲಿ ಕೊರವರ ಬಂಧುವರ್ಗವೇ ಆದ ಕೈಕಾಡಿಗಳೂ ಇದ್ದರು. ಮರಾಠಿ ಸೀಮೆಯಲ್ಲಿ ಬುಟ್ಟಿ ಹೆಣೆಯುತ್ತ, ಕತ್ತೆಯ ಮೇಲೆ ಸಂಸಾರ ಹೇರಿಕೊಂಡು ತಿರುಗಿದ ಈ ಜನರ ಮನೆಮಾತು ದ್ರಾವಿಡ. ಸಾತಾರೆಯ ಸೀಮೆಯ ಕೈಕಾಡಿ ಸಮಾಜದಿಂದ ಬಂದ ಲಕ್ಷ್ಮಣ ಮಾನೆಯವರು ೧೯೮೦ರಲ್ಲಿ ಪ್ರಕಟಿಸಿದ 'ಉಪರಾ' ಎಂಬ ಆತ್ಮಕಥೆಯಲ್ಲಿ ಆ ಬಾಳಿನ ಚಿತ್ರವಿದೆ. ಮರುವರ್ಷ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕಾಯಿದೆ ರದ್ದಾದುದು ೧೯೫೨ರ ಆಗಸ್ಟ್ ೩೧ರಂದು. ಕೊರವ ಮೊದಲಾದವರನ್ನು ಕುರಿತು ಮೀನಾ ರಾಧಾಕೃಷ್ಣ ಅವರು ೨೦೦೧ರಲ್ಲಿ ಪ್ರಕಟಿಸಿದ ಅಧ್ಯಯನವು, ಉಪ್ಪು ಮತ್ತು ಕಾಳಿನ ವ್ಯಾಪಾರಿಗಳು ಹೇಗೆ ಕಳ್ಳರೆಂಬ ಹಣೆಪಟ್ಟಿ ಹೊತ್ತರೆಂಬುದನ್ನು ಸರಕಾರಿ ಕಡತಗಳಿಂದಲೇ ತೋರಿಸಿದೆ. ಗೃಹಿಣಿಯು ಯಾವ ಕೂಗನ್ನು ಕೇಳಿ ಬಾಗಿಲು ತೆರೆಯುತ್ತಿದ್ದಳೋ ಅದೇ ಕೂಗಿನವನನ್ನು ಕಂಡು ಬಾಗಿಲು ಹಾಕಿಕೊಳ್ಳುವ ಕಾಲ ಬಂದಿತು.

ಕನ್ನಡ ಸಾಹಿತ್ಯವು ಈ ಜನರನ್ನು ಪೂರ್ತಿಯಾಗಿ ಮರೆತಿಲ್ಲ. ಕಣಿ ಹೇಳುವ ಕೊರವಂಜಿಯು ಹಾಡಿನಲ್ಲಿ, ಯಕ್ಷಗಾನದಲ್ಲಿ ಕಾಣಿ‌ಸಿಕೊಳ್ಳುತ್ತಾಳೆ. ೧೯೪೨ರಲ್ಲಿ ರಾಶಿಯವರು ಆರಂಭಿಸಿದ ಹಾಸ್ಯಪತ್ರಿಕೆಗೂ ಅವಳ ಹೆಸರೇ ಬಂದಿತು. ಆದರೆ ಸಾಹಿತ್ಯದ ಕೊರವಂಜಿಯ ಕೈಯಲ್ಲಿರುವುದು ಬುಟ್ಟಿ ಮತ್ತು ಬೆತ್ತ. ಅವಳ ಗಂಡನ ಉಪ್ಪಿನ ಹೇರನ್ನು ಕವಿಗಳು ಕಾಣಲಿಲ್ಲ, ಅಥವಾ ಕಂಡೂ ಅದು ಶೃಂಗಾರಕ್ಕೆ ಒದಗದೆಂದು ಬಿಟ್ಟರು. ಅದನ್ನು ಉಳಿಸಿಕೊಂಡಿರುವುದು ಮಕ್ಕಳ ಆಟ. ಆಟದಲ್ಲಿ ಉಪ್ಪಿನವನು ಕಳ್ಳನಲ್ಲ, ಮನೆಯ ಹಿರಿಯನೇ ಅವನ ವೇಷ ಹಾಕುತ್ತಾನೆ. ಮಗು ಅವನ ಬೆನ್ನಮೇಲೆ ನಿರ್ಭಯವಾಗಿರುತ್ತದೆ. ಮಕ್ಕಳನ್ನು ಅಂಜಿಸಲು ಗುಮ್ಮನನ್ನು ಕರೆದ ಬಾಯಿಯೇ ಉಪ್ಪಿನವನನ್ನು ಅಂಜಿಕೆಗೆ ಬಳಸಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ಉಪ್ಪಿನ ತೆರಿಗೆಯ ಮುಂದಿನ ಕಥೆ ಎಲ್ಲರಿಗೂ ತಿಳಿದದ್ದು. ೧೯೩೦ರ ಏಪ್ರಿಲ್ ೬ರಂದು ದಾಂಡಿಯಲ್ಲಿ, ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಕಾನೂನು ಮುರಿಯಲಾಯಿತು. ಮೇ ತಿಂಗಳ ಮೊದಲ ವಾರದಲ್ಲಿ ಗಾಂಧೀಜಿಯವರನ್ನು ಪುಣೆಯ ಯೆರವಡಾ ಸೆರೆಮನೆಗೆ ತರಲಾಯಿತು. ತೆರಿಗೆ ಹೋದುದು ೧೯೪೭ರ ಏಪ್ರಿಲ್ ೧ರಂದು. ಆ ವೇಳೆಗೆ ಹೇರೆತ್ತಿನ ಉಪ್ಪಿನವನು ಮರಳಿ ಬರುವ ಕಾಲ ಮೀರಿಹೋಗಿತ್ತು. ೧೯೮೩ರಲ್ಲಿ ಟಾಟಾ ಸಂಸ್ಥೆಯು ಪೊಟ್ಟಣದ ಉಪ್ಪನ್ನು ಮಾರುಕಟ್ಟೆಗೆ ತಂದ ಮೇಲೆ, ಕಿರಾಣಿ ಅಂಗಡಿಯ ಹೊರಗೆ ಮಳೆಬಿಸಿಲೆನ್ನದೆ ಬಿದ್ದಿರುತ್ತಿದ್ದ ಕಲ್ಲುಪ್ಪಿನ ಮೂಟೆಯೂ ಕ್ರಮೇಣ ಮರೆಯಾಯಿತು.

ಇಂದು ಧನಕವಡಿಯಲ್ಲಿ ಬೆಳೆಯುವ ಕನ್ನಡದ ಮಗು ಉಪ್ಪನ್ನು ಕಂಡಿದ್ದರೆ ಒಂದು ಕಿಲೋಗ್ರಾಮಿನ ನಯವಾದ ಪೊಟ್ಟಣದಲ್ಲಿ. ಮೂಟೆಯನ್ನು ಕಂಡೇ ಇರಲಾರದು. ಅದು ಶಾಲೆಗೆ ಹೋದ ಮೇಲೆ ಗೆಳೆಯರ ಬಾಯಲ್ಲಿ 'ಪಾಠುಂಗಳಿ' ಕಲಿಯುತ್ತದೆ, ಮನೆಗೆ ಬಂದಾಗ 'ಉಪ್ಪುಮೂಟೆ' ಎನ್ನುತ್ತದೆ. ಎರಡೂ ಒಂದೇ ಎಂದು ಅದಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿ ನೆರೆಯವರಿಗೂ ಈ ಮಾತು ಪೂರ್ತಿಯಾಗಿ ಅಪರಿಚಿತವಲ್ಲ. ಪುಣೆಯ ಮನೆಗಳಲ್ಲಿ ಬೆಳಗಿನ ತಿಂಡಿಗೆ ಮಾಡುವ 'ಉಪ್ಪೀಟ್' ಕನ್ನಡದ ಉಪ್ಪಿಟ್ಟೇ, ಎಂದರೆ ಉಪ್ಪು ಮತ್ತು ಹಿಟ್ಟು. ಉಪ್ಪನ್ನು 'ಮೀಠ' ಎನ್ನುವವರು ಕನ್ನಡದ ಉಪ್ಪನ್ನು ಅರಿಯದೆಯೇ ದಿನವೂ ಉಚ್ಚರಿಸುತ್ತಿದ್ದಾರೆ. ಸಂಜೆಯ ಹೊತ್ತು ಕನ್ನಡದ ಅಜ್ಜನೊಬ್ಬನು ಮೊಮ್ಮಗಳನ್ನು ಬೆನ್ನಿಗೇರಿಸಿಕೊಂಡು ಮಹಡಿಯ ಉದ್ದದ ಓಣಿಯಲ್ಲಿ ಕೂಗುತ್ತ ಹೋದರೆ, ಅಕ್ಕಪಕ್ಕದ ಬಾಗಿಲುಗಳಲ್ಲಿ ನಿಂತವರು ಮಾತು ತಿಳಿಯದಿದ್ದರೂ ಬೆಲೆ ಕೇಳುತ್ತಾರೆ.